ಎಪಿಐ 401 ಅಂತಿದ್ಯಾ? ಕೀ ಬದಲಿಸೋ ಮುಂಚೆ ಇಷ್ಟು ನೋಡಿ

ಎಪಿಐಗೆ, ಅಂದ್ರೆ ನಿಮ್ಮ ಪ್ರೋಗ್ರಾಂ ಇನ್ನೊಂದು ಸರ್ವರ್ ಜೊತೆ ಮಾತಾಡೋ ಬಾಗಿಲಿಗೆ, ಕಾಲ್ ಮಾಡಿ 401 ಅನ್ನೋ ಎರರ್ ಬಂದ ತಕ್ಷಣ ಬಹಳ ಜನ ಮಾಡೋ ಮೊದಲ ಕೆಲಸ ಅಂದ್ರೆ ಡ್ಯಾಶ್‌ಬೋರ್ಡ್ ತೆಗೆದು ಹೊಸ ಕೀ ಜನರೇಟ್ ಮಾಡೋದು. ಕೀ ಎಲ್ಲಾದ್ರೂ ಲೀಕ್ ಆಗಿದೆ ಅನ್ನೋ ಅನುಮಾನ ಇದ್ರೆ ಸರಿ, ಮಾಡಿ. ಇಲ್ಲಾಂದ್ರೆ ಬೇಡ. ತೊಂದ್ರೆ ಕೀನಲ್ಲಿ ಇಲ್ದೆ ಅದು ಹೋಗೋ ದಾರೀಲಿ ಇದ್ರೆ ಹೊಸ ಕೀಗೂ ಅದೇ 401 ಬರತ್ತೆ, ಅಷ್ಟೇ ಅಲ್ಲ, ಹಳೇ ಕೀ ನಂಬ್ಕೊಂಡು ತನ್ನ ಪಾಡಿಗೆ ಓಡ್ತಿದ್ದ ಇನ್ಯಾವುದೋ ಕ್ರಾನ್ ಜಾಬ್ ಕೂಡ ಮಲಗಿಬಿಡತ್ತೆ, ಆಮೇಲೆ ಎರಡು ದೋಷದ ಬೆನ್ನು ಹತ್ಬೇಕು.

ಅಥೆಂಟಿಕೇಶನ್ ಎರರ್‌ನಲ್ಲಿ ಕೇಳ್ಬೇಕಾದ ಪ್ರಶ್ನೆ ಎರಡೇ ಅನ್ನೋದು ನನ್ನ ಲೆಕ್ಕ. ಬೇಡ ಅಂದಿದ್ದು ಯಾರು? ಅವರ ಕೈಗೆ ನಿಜವಾಗ್ಲೂ ತಲುಪಿದ್ದು ಏನು? ಕೋಡ್‌ನಲ್ಲಿ ಏನು ಬರ್ದಿದೀರ ಅನ್ನೋದು ಮೂರನೇ ಮಾತು, ಯಾಕಂದ್ರೆ ಕೋಡಿಂದ ಸರ್ವರ್‌ವರೆಗೆ ಹೋಗೋಷ್ಟರಲ್ಲಿ ಹೆಡರ್ (ರಿಕ್ವೆಸ್ಟ್ ಜೊತೆ ಕೀ ಹೊತ್ಕೊಂಡು ಹೋಗೋ ಸಾಲು) ಬದಲಾಗಬಹುದು, ಕಳ್ದು ಹೋಗಬಹುದು, ಅದರ ಬಾಲಕ್ಕೆ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟ್ಕೊಂಡಿರಬಹುದು.

ಮೊದಲು ಉತ್ತರ ಪೂರ್ತಿ ಓದಿ

ಸ್ಟೇಟಸ್ ಕೋಡ್ ಮಾತ್ರ ನೋಡಿ ನಿಲ್ಲಿಸ್ಬೇಡಿ, ಹೆಡರ್ ಮತ್ತೆ ಬಾಡಿ ಎರಡೂ ನೋಡಿ. 401 ಅಂದ್ರೆ ನೀವು ಯಾರು ಅಂತ ನಂಗೆ ಗೊತ್ತಾಗ್ಲಿಲ್ಲ ಅಂತ. 403 ಅಂದ್ರೆ ಸಾಮಾನ್ಯವಾಗಿ ನೀವು ಯಾರು ಅಂತ ಗೊತ್ತಾಯ್ತು, ಆದ್ರೆ ಈ ಕೆಲಸಕ್ಕೆ ನಿಮಗೆ ಅನುಮತಿ ಇಲ್ಲ ಅಂತ. 403 ಬಂದಾಗ ಪಾಸ್‌ವರ್ಡ್ ತಿದ್ದುತ್ತಾ ಕೂತ್ರೆ ಟೈಮ್ ವೇಸ್ಟ್, ಸ್ಕೋಪ್ (ಟೋಕನ್‌ಗೆ ಕೊಟ್ಟಿರೋ ಅಧಿಕಾರ), ರೋಲ್, ಐಪಿ ಅಲೋಲಿಸ್ಟ್ (ಒಳಗೆ ಬಿಡೋ ಐಪಿಗಳ ಪಟ್ಟಿ) ಇವುಗಳನ್ನ ನೋಡ್ಬೇಕು. 407 ಬಂತು ಅಂದ್ರೆ ಅದು ಎಪಿಐ ಹೇಳಿದ್ದೇ ಅಲ್ಲ, ಮಧ್ಯದಲ್ಲಿರೋ ಪ್ರಾಕ್ಸಿ ತನಗೆ ಬೇರೆ ಯೂಸರ್‌ನೇಮ್ ಪಾಸ್‌ವರ್ಡ್ ಕೊಡಿ ಅಂತಿದೆ.

401 ಕಳಿಸೋ ಸರ್ವರ್ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಅಥೆಂಟಿಕೇಟ್ ಅನ್ನೋ ಹೆಡರ್ ಕಳಿಸಲೇಬೇಕು ಅಂತ ಎಚ್‌ಟಿಟಿಪಿ ನಿಯಮ ಇದೆ, 2022ರ ಆರ್‌ಎಫ್‌ಸಿ 9110ರಲ್ಲೂ ಇದೆ. ಎಲ್ಲಾ ಎಪಿಐಗಳೂ ಪಾಲಿಸಲ್ಲ, ಆದ್ರೆ ಪಾಲಿಸಿದ್ರೆ ಅರ್ಧ ಉತ್ತರ ಅಲ್ಲೇ ಇರತ್ತೆ. ಬೇಸಿಕ್ ಅಂತಿದ್ರೆ ಅದು ಯೂಸರ್‌ನೇಮ್ ಪಾಸ್‌ವರ್ಡ್ ಕೇಳ್ತಿದೆ, ನೀವು ಬೇರರ್ (ಟೋಕನ್ ಮಾತ್ರ ತೋರಿಸೋ ರೀತಿ) ಕಳಿಸಿ ಪ್ರಯೋಜನ ಇಲ್ಲ. ಬೇರರ್ ಅಂತಿದ್ದು ಪಕ್ಕದಲ್ಲಿ ಇನ್‌ವ್ಯಾಲಿಡ್ ಟೋಕನ್ ಅಂತಿದ್ರೆ ಟೋಕನ್ ತಲುಪಿದೆ, ಆದ್ರೆ ಅವಧಿ ಮುಗಿದಿದೆ ಅಥವಾ ಕೆಟ್ಟಿದೆ. ಇನ್‌ಸಫಿಶಿಯೆಂಟ್ ಸ್ಕೋಪ್ ಅಂತಿದ್ರೆ ಟೋಕನ್ ಚೆನ್ನಾಗಿದೆ, ಅದಕ್ಕಿರೋ ಅಧಿಕಾರ ಸಾಲ್ದು. ಬೇರರ್ ಅಂತ ಮಾತ್ರ ಇದ್ದು ಮುಂದೆ ಏನೂ ಇಲ್ಲ ಅಂದ್ರೆ ಬಹುಶಃ ನಿಮ್ಮ ಟೋಕನ್ ಅವರಿಗೆ ಕಾಣಿಸ್ಲೇ ಇಲ್ಲ. ಈ ಒಂದು ಸಾಲನ್ನ ಓದದೆ ಗಂಟೆಗಟ್ಟಲೆ ಕೋಡ್ ಕೆದಕೋರನ್ನ ನೋಡಿದೀನಿ, ಪಾಪ ಅವರ ತಪ್ಪೂ ಅಲ್ಲ, ಬಹಳಷ್ಟು ಲೈಬ್ರರಿಗಳು ಎರರ್ ಮೆಸೇಜ್‌ನಲ್ಲಿ ನಂಬರ್ ಮಾತ್ರ ಪ್ರಿಂಟ್ ಮಾಡಿ ಉಳಿದಿದ್ದನ್ನ ನುಂಗಿಬಿಡತ್ತೆ.

ಇನ್ನು ನಂಬರ್ ಸುಳ್ಳು ಹೇಳೋ ಕೇಸ್‌ಗಳೂ ಇವೆ. ಗಿಟ್‌ಹಬ್ ಎಪಿಐನಲ್ಲಿ ಪ್ರೈವೇಟ್ ರೆಪೊಗೆ ಅಕ್ಸೆಸ್ ಇಲ್ಲಾಂದ್ರೆ 404 ಬರತ್ತೆ, ಆ ಹೆಸರಿನ ರೆಪೊ ಇದೆ ಅನ್ನೋದೇ ಹೊರಗಿನವರಿಗೆ ಗೊತ್ತಾಗಬಾರದು ಅಂತ. ಅದೇ ಗಿಟ್‌ಹಬ್ ಯೂಸರ್-ಏಜೆಂಟ್ ಹೆಡರ್ ಇಲ್ದೇ ಇದ್ರೆ 403 ಕೊಡತ್ತೆ, ಅದಕ್ಕೂ ಟೋಕನ್‌ಗೂ ಸಂಬಂಧವೇ ಇಲ್ಲ. ಸ್ಲ್ಯಾಕ್ ವೆಬ್ ಎಪಿಐ 200 ಕಳಿಸಿ ಜೇಸನ್ ಒಳಗೆ ಓಕೆ ಫಾಲ್ಸ್, ಇನ್‌ವ್ಯಾಲಿಡ್ ಆಥ್ ಅಂತ ಹೇಳತ್ತೆ, ಸ್ಟೇಟಸ್ ಕೋಡ್ ಮಾತ್ರ ಚೆಕ್ ಮಾಡೋ ಕೋಡ್ ಎಲ್ಲಾ ಸರಿಯಿದೆ ಅಂದ್ಕೊಂಡು ಮುಂದೆ ಹೋಗತ್ತೆ. ಅಮೆಜಾನ್‌ನ ಎಪಿಐ ಗೇಟ್‌ವೇ ಇನ್ನೂ ಒಂದು ಹೆಜ್ಜೆ ಮುಂದೆ, ಇಲ್ಲದೇ ಇರೋ ಪಾತ್‌ಗೆ ಕಾಲ್ ಮಾಡಿದ್ರೆ 403 ಜೊತೆ ಮಿಸ್ಸಿಂಗ್ ಅಥೆಂಟಿಕೇಶನ್ ಟೋಕನ್ ಅನ್ನತ್ತೆ. ಜನ ಟೋಕನ್ ಹುಡುಕ್ತಾ ಕೂರ್ತಾರೆ, ತಪ್ಪಿರೋದು ಯುಆರ್‌ಎಲ್‌ನಲ್ಲಿ ಸ್ಟೇಜ್ ಹೆಸರು ಬಿಟ್ಟಿರೋದು, ಅಥವಾ ಪೋಸ್ಟ್ ಬದಲು ಗೆಟ್ ಮಾಡಿರೋದು.

ಜೇಸನ್ ಬರಬೇಕಾದ ಕಡೆ ಎಚ್‌ಟಿಎಂಎಲ್ ಬಂದು, ಪಾರ್ಸರ್ ಮೊದಲ ಅಕ್ಷರದಲ್ಲೇ ಎಡವಿದ್ರೆ, ಆ ಎಚ್‌ಟಿಎಂಎಲ್ ತೆರೆದು ಓದಿ. ಹೆಚ್ಚಿನ ಸಲ ಅದು ಲಾಗಿನ್ ಪೇಜ್ ಅಥವಾ ಫೈರ್‌ವಾಲ್‌ನ ಬ್ಲಾಕ್ ಪೇಜ್ ಆಗಿರತ್ತೆ. ಬೇಡ ಅಂದಿದ್ದು ಯಾರು ಅನ್ನೋದಕ್ಕೆ ಉತ್ತರ ಅಲ್ಲೇ ಸಿಗತ್ತೆ. ಎಪಿಐ ತಾನು ಎರರ್ ಕೊಡುವಾಗ ಯಾವ ಆಕಾರದಲ್ಲಿ ಕೊಡತ್ತೆ ಅಂತ ಡಾಕ್ಯುಮೆಂಟೇಶನ್‌ನಲ್ಲಿ ಇರತ್ತಲ್ಲ, ಬಂದಿರೋದು ಆ ಆಕಾರದಲ್ಲಿ ಇಲ್ಲಾಂದ್ರೆ ರಿಕ್ವೆಸ್ಟ್ ಎಪಿಐವರೆಗೆ ಹೋಗೇ ಇಲ್ಲ, ಮಧ್ಯದಲ್ಲೇ ಯಾರೋ ತಡೆದಿದಾರೆ.

ಮೂರು ರಿಕ್ವೆಸ್ಟ್ ಪರೀಕ್ಷೆ

ನಂಗೆ ತುಂಬಾ ಇಷ್ಟದ್ದು ಇದು, ಐದು ನಿಮಿಷದ ಕೆಲಸ. ಕರ್ಲ್ ಅನ್ನೋ ಟರ್ಮಿನಲ್ ಕಮಾಂಡ್‌ನಿಂದ ಒಂದೇ ಯುಆರ್‌ಎಲ್‌ಗೆ ಮೂರು ಸಲ ಕಾಲ್ ಮಾಡಿ. ಮೊದಲನೇದು ಆಥರೈಸೇಶನ್ ಹೆಡರ್ ಇಲ್ದೆ, ಎರಡನೇದು ಡಾಕ್ಯುಮೆಂಟೇಶನ್‌ನಲ್ಲಿ ಹೇಳಿರೋ ರೂಪದಲ್ಲೇ ಬೇಕಂತಲೇ ಏನೋ ಕಸ ಬರ್ದ ಕೀ ಹಾಕಿ, ಮೂರನೇದು ನಿಮ್ಮ ಪ್ರೋಗ್ರಾಂ ಕಳಿಸೋ ರೂಪದಲ್ಲೇ ನಿಮ್ಮ ನಿಜವಾದ ಕೀ ಹಾಕಿ. ಪ್ರತಿ ಸಲ ಮೈನಸ್ ಚಿಕ್ಕ ಐ ಕೊಟ್ಟು ರೆಸ್ಪಾನ್ಸ್ ಹೆಡರ್ ಸಮೇತ ಒಂದೊಂದು ಫೈಲ್‌ಗೆ ಹಾಕ್ಕೊಳ್ಳಿ, ಆಮೇಲೆ ಪಕ್ಕ ಪಕ್ಕ ಇಟ್ಟು ನೋಡಿ.

ನಿಜವಾದ ಕೀಗೆ ಬಂದ ಉತ್ತರ, ಹೆಡರ್ ಇಲ್ದೆ ಬಂದ ಉತ್ತರದ ತರಾನೇ ಇದ್ದು ಕಸದ ಕೀಗೆ ಬೇರೆ ಉತ್ತರ ಬಂದಿದ್ರೆ, ನಿಮ್ಮ ಹೆಡರ್ ಅವರಿಗೆ ಅರ್ಥ ಆಗೋ ರೂಪದಲ್ಲಿ ತಲುಪ್ತಿಲ್ಲ. ಹೆಡರ್ ಹೆಸರು ತಪ್ಪಿರಬಹುದು, ಸ್ಕೀಮ್ ತಪ್ಪಿರಬಹುದು. ನಿಜವಾದ ಕೀಗೂ ಕಸದ ಕೀಗೂ ಒಂದೇ ಉತ್ತರ ಬಂದ್ರೆ ತಲುಪ್ತಿದೆ ಆದ್ರೆ ಆ ಕೀ ಅವರ ಪುಸ್ತಕದಲ್ಲಿ ಇಲ್ಲ, ಅಂದ್ರೆ ಅವಧಿ ಮುಗಿದಿದೆ, ರದ್ದಾಗಿದೆ, ಅಥವಾ ಟೆಸ್ಟ್ ಕೀ ತಗೊಂಡು ಲೈವ್ ಯುಆರ್‌ಎಲ್‌ಗೆ ಹೊಡೀತಿದೀರ. ಮೂರಕ್ಕೂ ಮೂರು ತರದ ಉತ್ತರ ಬಂದ್ರೆ ಖುಷಿಪಡಿ, ಕೀ ಗುರುತು ಹಿಡಿದಿದೆ, ಅನುಮತಿ ಕಡೆ ಹೋಗಿ. ಮೂರಕ್ಕೂ ಅಕ್ಷರ ಬಿಡದೆ ಒಂದೇ ಉತ್ತರ ಬಂದ್ರೆ ಎರಡು ಸಾಧ್ಯತೆ: ಸುರಕ್ಷತೆಗೋಸ್ಕರ ಎಲ್ಲದಕ್ಕೂ ಒಂದೇ ಮೆಸೇಜ್ ಕೊಡೋ ಎಪಿಐ ಇರಬಹುದು, ಇಲ್ಲಾ ಮಧ್ಯದ ಯಾವುದೋ ಪೆಟ್ಟಿಗೆ (ಪ್ರಾಕ್ಸಿ, ಫೈರ್‌ವಾಲ್) ಹೆಡರ್‌ನ ನೋಡೋಕೂ ಮುಂಚೆ ಬಾಗಿಲು ಹಾಕ್ತಿದೆ.

ಮತ್ತೆ ಕರ್ಲ್‌ನಲ್ಲಿ ಕೆಲಸ ಮಾಡಿ ನಿಮ್ಮ ಪ್ರೋಗ್ರಾಂನಲ್ಲಿ ಮಾಡ್ಲಿಲ್ಲ ಅಂದ್ರೆ ಎಪಿಐ ಕಡೆ ನೋಡೋದು ಬಿಟ್ಬಿಡಿ, ದೋಷ ನಿಮ್ಮ ಕಡೆನೇ. ಪ್ರೋಗ್ರಾಂ ಓಡೋ ಅದೇ ಮೆಷಿನ್‌ನಿಂದ, ಕಂಟೇನರ್ ಇದ್ರೆ ಅದೇ ಕಂಟೇನರ್ ಒಳಗಿಂದ ಕರ್ಲ್ ಮಾಡಿ ಅನ್ನೋದು ಮುಖ್ಯ, ಲ್ಯಾಪ್‌ಟಾಪ್‌ನಿಂದ ಮಾಡಿ ನಂಗೆ ಬರ್ತಿದೆ ಅಂದ್ರೆ ಅದು ಬೇರೆ ಐಪಿ, ಬೇರೆ ಪ್ರಾಕ್ಸಿ, ಬೇರೆ ಗಡಿಯಾರ.

ಕೀಗೆ ಅಂಟಿಕೊಂಡಿರೋ ಕಸ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ ಯಾಕಂದ್ರೆ ನಾನು ನೋಡಿರೋ 401ಗಳಲ್ಲಿ ದೊಡ್ಡ ಪಾಲು ಇಲ್ಲೇ ಸಿಗೋದು.

ಕೀನ ಲಾಗ್‌ನಲ್ಲಿ ಪ್ರಿಂಟ್ ಮಾಡ್ಬೇಡಿ, ಅದರ ಉದ್ದ ಪ್ರಿಂಟ್ ಮಾಡಿ. ಡ್ಯಾಶ್‌ಬೋರ್ಡ್‌ನಲ್ಲಿರೋ ಕೀ 40 ಅಕ್ಷರ ಇದ್ದು ನಿಮ್ಮ ಪ್ರೋಗ್ರಾಂ 41 ಅಂದ್ರೆ ಮುಗೀತು, ಕೊನೇಲಿ ನ್ಯೂಲೈನ್ ಇದೆ. 42 ಅಂದ್ರೆ ವಿಂಡೋಸ್‌ನಲ್ಲಿ ಸೇವ್ ಆದ ಫೈಲ್‌ನ ಎರಡಕ್ಷರದ ಲೈನ್ ಎಂಡಿಂಗ್, ಅಥವಾ ಎರಡೂ ಬದಿ ಕೋಟ್ ಚಿಹ್ನೆ ಸೇರ್ಕೊಂಡಿದೆ. ಈ ಕೋಟ್ ಕಥೆ ಮಜಾ ಇದೆ, ಸೆಟ್ಟಿಂಗ್ ಬರ್ದಿಡೋ ಡಾಟ್ ಇಎನ್‌ವಿ ಫೈಲ್‌ನಲ್ಲಿ ಕೀ ಸುತ್ತ ಕೋಟ್ ಹಾಕಿದ್ರೆ ಬಹಳಷ್ಟು ಲೈಬ್ರರಿಗಳು ಅದನ್ನ ತೆಗೆದು ಓದತ್ತೆ, ಡಾಕರ್ ಕಂಪೋಸ್ ಕೂಡ ತೆಗೆಯತ್ತೆ, ಆದ್ರೆ ಡಾಕರ್ ರನ್‌ಗೆ ಅದೇ ಫೈಲ್‌ನ ಎನ್‌ವಿ-ಫೈಲ್ ಅಂತ ಕೊಟ್ರೆ ಕೋಟ್ ಸಮೇತ ಒಳಗೆ ಹೋಗತ್ತೆ. ಅದಕ್ಕೇ ಲೋಕಲ್‌ನಲ್ಲಿ ಓಡಿದ್ದು ಸರ್ವರ್‌ನಲ್ಲಿ 401. ಉದ್ದ ಸರಿ ಇದ್ರೂ ಅನುಮಾನ ಇದ್ರೆ ಎರಡೂ ಕಡೆ ಎಸ್‌ಎಚ್‌ಎ 256 ಹ್ಯಾಶ್ ತೆಗೆದು ಮೊದಲ ಆರೇಳು ಅಕ್ಷರ ಹೋಲಿಸಿ, ಕೀ ಹೊರಗೆ ಬರದೇನೇ ಒಂದೇನಾ ಬೇರೆನಾ ಗೊತ್ತಾಗತ್ತೆ.

ಬೇಸಿಕ್ ಆಥ್‌ನಲ್ಲಿ ಇದೇ ನ್ಯೂಲೈನ್ ಇನ್ನೊಂದು ವೇಷದಲ್ಲಿ ಬರತ್ತೆ. ಟರ್ಮಿನಲ್‌ನಲ್ಲಿ ಎಕೋ ಮಾಡಿ ಬೇಸ್64ಗೆ (ಡೇಟಾನ ಮಾಮೂಲಿ ಅಕ್ಷರಗಳಾಗಿ ಬರೆಯೋ ರೀತಿ) ಪೈಪ್ ಮಾಡ್ತಾರೆ, ಎಕೋ ತಾನಾಗೇ ಕೊನೇಲಿ ನ್ಯೂಲೈನ್ ಸೇರಿಸತ್ತೆ, ಅದೂ ಎನ್‌ಕೋಡ್ ಆಗಿಬಿಡತ್ತೆ. ಕಣ್ಣಲ್ಲೇ ಹಿಡಿಯೋ ಉಪಾಯ ಇದೆ: ನ್ಯೂಲೈನ್ ಸೇರಿದ ಬೇಸ್64 ಮೂರೇ ತರ ಕೊನೆ ಆಗೋದು, ದೊಡ್ಡ ಕೆ, ಇಲ್ಲಾ ಚಿಕ್ಕ ಓ ಮುಂದೆ ಒಂದು ಸಮ ಚಿಹ್ನೆ, ಇಲ್ಲಾ ದೊಡ್ಡ ಸಿ ಚಿಕ್ಕ ಜಿ ಮುಂದೆ ಎರಡು ಸಮ ಚಿಹ್ನೆ. ನಿಮ್ಮದು ಹಾಗಿದ್ರೆ ಡಿಕೋಡ್ ಮಾಡಿ ನೋಡಿ, ಪಾಸ್‌ವರ್ಡ್‌ನ ಕೊನೇ ಅಕ್ಷರವೇ ಹಾಗಿರೋ ಸಾಧ್ಯತೆನೂ ಇರತ್ತೆ, ಆದ್ರೆ ಸಾಮಾನ್ಯವಾಗಿ ನ್ಯೂಲೈನೇ. ಎಕೋ ಬದಲು ಪ್ರಿಂಟ್‌ಎಫ್ ಬಳಸಿದ್ರೆ ಈ ತಲೆನೋವಿಲ್ಲ. ಕುಬರ್ನೆಟಿಸ್ ಸೀಕ್ರೆಟ್ ಕೈಯಲ್ಲಿ ಎನ್‌ಕೋಡ್ ಮಾಡಿ ಯಾಮಲ್‌ಗೆ ಹಾಕೋರಿಗೂ ಇದೇ ಮಾತು.

ಪಾಸ್‌ವರ್ಡ್‌ನಲ್ಲಿ ಡಾಲರ್ ಚಿಹ್ನೆ ಇದ್ದು ಶೆಲ್‌ನಲ್ಲಿ ಡಬಲ್ ಕೋಟ್ ಹಾಕಿದ್ರೆ ಶೆಲ್ ಅದನ್ನ ವೇರಿಯಬಲ್ ಅಂದ್ಕೊಂಡು ತಿಂದುಹಾಕತ್ತೆ, ಸಿಂಗಲ್ ಕೋಟ್ ಹಾಕಿ. ಜಾವಾಸ್ಕ್ರಿಪ್ಟ್ ಕಡೆಯವರು ಹೊರಗೆ ಹೋಗೋ ಹೆಡರ್‌ನಲ್ಲಿ ಬೇರರ್ ಅನ್‌ಡಿಫೈನ್ಡ್ ಅಥವಾ ಬೇರರ್ ನಲ್ ಅಂತ ಇದ್ಯಾ ನೋಡಿ, ಟೋಕನ್ ಬರೋ ಮುಂಚೆನೇ ರಿಕ್ವೆಸ್ಟ್ ಹೋಗಿರತ್ತೆ. ಟೋಕನ್ ವೇರಿಯಬಲ್‌ನಲ್ಲೇ ಬೇರರ್ ಪದ ಇದ್ದು ಕೋಡ್ ಇನ್ನೊಂದು ಸೇರಿಸಿದ್ರೆ ಬೇರರ್ ಬೇರರ್ ಆಗತ್ತೆ. ಜ್ಯಾಂಗೋ ರೆಸ್ಟ್ ಫ್ರೇಮ್‌ವರ್ಕ್‌ನ ಮಾಮೂಲಿ ಟೋಕನ್ ಆಥ್‌ಗೆ ಬೇರರ್ ಅಲ್ಲ, ಟೋಕನ್ ಅನ್ನೋ ಪದವೇ ಬೇಕು.

ದಾರೀಲಿ ಕಳ್ದು ಹೋಗೋ ಹೆಡರ್

ರೀಡೈರೆಕ್ಟ್ ಮೊದಲ ಆರೋಪಿ. ನೀವು ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇಲ್ದೆ ಕಾಲ್ ಮಾಡ್ತೀರ, ಸರ್ವರ್ ಅದಿರೋ ಹೋಸ್ಟ್‌ಗೆ ಕಳಿಸತ್ತೆ, ಹೋಸ್ಟ್ ಬದಲಾಯ್ತು ಅಂತ ಕರ್ಲ್ ಆಗಲಿ ಪೈಥಾನ್‌ನ ರಿಕ್ವೆಸ್ಟ್ಸ್ ಆಗಲಿ ಆಥರೈಸೇಶನ್ ಹೆಡರ್ ತೆಗೆದುಹಾಕಿ ಮುಂದೆ ಹೋಗತ್ತೆ. ಅದು ಬಗ್ ಅಲ್ಲ, ಗೊತ್ತಿಲ್ಲದ ಹೋಸ್ಟ್‌ಗೆ ನಿಮ್ಮ ಕೀ ಸೋರಬಾರದು ಅಂತ ಬೇಕಂತಲೇ ಮಾಡಿರೋದು. ಕರ್ಲ್‌ಗೆ ಮೈನಸ್ ವಿ ಜೊತೆ ರೀಡೈರೆಕ್ಟ್ ಹಿಂದೆ ಹೋಗೋ ಮೈನಸ್ ದೊಡ್ಡ ಎಲ್ ಹಾಕಿ ಓಡಿಸಿ, ಮಧ್ಯದಲ್ಲಿ 301, 302, 307, 308 ಕಂಡ್ರೆ ಕೊನೆಗೆ ಹೋಗಿ ಮುಟ್ಟಿದ ಯುಆರ್‌ಎಲ್‌ನೇ ನಿಮ್ಮ ಬೇಸ್ ಯುಆರ್‌ಎಲ್ ಮಾಡ್ಕೊಳ್ಳಿ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ರೀಡೈರೆಕ್ಟ್ ಆಗ್ತಿದ್ರೆ ಇನ್ನೂ ಕೆಟ್ಟದ್ದು, ಮೊದಲ ರಿಕ್ವೆಸ್ಟ್‌ನಲ್ಲೇ ಕೀ ಬಟಾಬಯಲಲ್ಲಿ ಹೋಗಾಯ್ತು, ಆ ಕೀ ಮಾತ್ರ ನಿಜಕ್ಕೂ ಬದಲಿಸ್ಬೇಕು.

ಪೈಥಾನ್ ರಿಕ್ವೆಸ್ಟ್ಸ್‌ನಲ್ಲಿ ಇನ್ನೊಂದು ಗುಪ್ತ ಕಾಟ ಇದೆ. ಹೋಮ್ ಡೈರೆಕ್ಟರಿಲಿ ಪಾಸ್‌ವರ್ಡ್‌ಗಳನ್ನ ಇಡೋ ನೆಟ್‌ಆರ್‌ಸಿ ಫೈಲ್ ಇದ್ದು ಅದ್ರಲ್ಲಿ ಆ ಹೋಸ್ಟ್ ಹೆಸರು ಇದ್ರೆ, ನೀವು ಹೆಡರ್ಸ್‌ನಲ್ಲಿ ಬರ್ದ ಆಥರೈಸೇಶನ್ ಪಕ್ಕಕ್ಕೆ ಹೋಗಿ ಫೈಲ್‌ನಲ್ಲಿರೋ ಹಳೇ ಪಾಸ್‌ವರ್ಡ್ ಬೇಸಿಕ್ ಆಗಿ ಹೋಗತ್ತೆ. ಕೋಡ್ ಎಷ್ಟು ಸಲ ಓದಿದ್ರೂ ಇದು ಕಾಣಲ್ಲ. ರೆಸ್ಪಾನ್ಸ್ ಆಬ್ಜೆಕ್ಟ್ ಒಳಗೆ ರಿಕ್ವೆಸ್ಟ್ ಹೆಡರ್ಸ್ ತೆಗೆದು ನೋಡಿದ್ರೆ ಬೇರರ್ ಬದಲು ಬೇಸಿಕ್ ಅಂತ ಕಂಡು ತಲೆ ತಿರುಗತ್ತೆ. ಸೆಷನ್‌ನಲ್ಲಿ ಟ್ರಸ್ಟ್ ಎನ್‌ವಿ ಫಾಲ್ಸ್ ಮಾಡಿ, ಆದ್ರೆ ಅದು ಪ್ರಾಕ್ಸಿ ಸೆಟ್ಟಿಂಗ್ ಓದೋದನ್ನೂ ನಿಲ್ಲಿಸತ್ತೆ ಅನ್ನೋದು ನೆನಪಿರಲಿ.

ಎಪಿಐ ನಿಮ್ಮದೇ ಆಗಿದ್ರೆ ಸರ್ವರ್ ಕಡೆನೂ ನೋಡ್ಬೇಕು. ಅಪಾಚೆ ವೆಬ್ ಸರ್ವರ್‌ನಲ್ಲಿ ಪೈಥಾನ್ ಆಪ್ ಓಡಿಸೋ ಮಾಡ್ ಡಬ್ಲ್ಯೂಎಸ್‌ಜಿಐ ಆಥರೈಸೇಶನ್ ಹೆಡರನ್ನ ಡೀಫಾಲ್ಟ್ ಆಗಿ ಆಪ್‌ಗೆ ಕೊಡೋದೇ ಇಲ್ಲ, ಡಬ್ಲ್ಯೂಎಸ್‌ಜಿಐ-ಪಾಸ್-ಆಥರೈಸೇಶನ್ ಆನ್ ಮಾಡ್ಬೇಕು. ಎಂಜಿನ್‌ಎಕ್ಸ್ ವೆಬ್ ಸರ್ವರ್ ಡೀಫಾಲ್ಟ್ ಆಗಿ ಅಂಡರ್‌ಸ್ಕೋರ್ ಇರೋ ಹೆಡರ್ ಹೆಸರನ್ನ ಸದ್ದಿಲ್ದೆ ಬಿಸಾಕತ್ತೆ, ಹಾಗಾಗಿ ಎಪಿಐ ಅಂಡರ್‌ಸ್ಕೋರ್ ಕೀ ಅನ್ನೋ ಹೆಡರ್ ಇಟ್ಕೊಂಡಿದ್ರೆ ಡೆವಲಪ್‌ಮೆಂಟ್ ಸರ್ವರ್‌ನಲ್ಲಿ ಬರತ್ತೆ, ಎಂಜಿನ್‌ಎಕ್ಸ್ ಹಿಂದೆ ಹೋದ ಕ್ಷಣ ಮಾಯ. ಹೈಫನ್ ಇಡಿ, ಸಾಕು.

ಬ್ರೌಸರ್‌ನಲ್ಲಿ ಮಾತ್ರ ಫೇಲ್ ಆಗೋದಾದ್ರೆ ಅದು ಹೆಚ್ಚಾಗಿ ಸಿಒಆರ್‌ಎಸ್, ಅಂದ್ರೆ ಒಂದು ಸೈಟ್‌ನ ಪೇಜ್ ಇನ್ನೊಂದು ಸೈಟ್‌ಗೆ ಕಾಲ್ ಮಾಡೋಕೆ ಬ್ರೌಸರ್ ಹಾಕೋ ನಿಯಮ. ಬ್ರೌಸರ್ ಮೊದಲು ಆಪ್ಷನ್ಸ್ ರಿಕ್ವೆಸ್ಟ್ ಕಳಿಸತ್ತೆ, ಅದ್ರಲ್ಲಿ ಆಥರೈಸೇಶನ್ ಇರಲ್ಲ, ನಿಮ್ಮ ಮಿಡಲ್‌ವೇರ್ ಅದಕ್ಕೂ ಟೋಕನ್ ಕೇಳಿ 401 ಕೊಟ್ರೆ ನಿಜವಾದ ರಿಕ್ವೆಸ್ಟ್ ಹೊರಡೋದೇ ಇಲ್ಲ. ಆಪ್ಷನ್ಸ್‌ನ ಆಥ್ ಚೆಕ್‌ನಿಂದ ಬಿಡಿ. ಅಲೋ-ಹೆಡರ್ಸ್‌ನಲ್ಲಿ ನಕ್ಷತ್ರ ಹಾಕಿದೀನಲ್ಲ ಅಂತೀರೇನೋ, ನಕ್ಷತ್ರದಲ್ಲಿ ಆಥರೈಸೇಶನ್ ಸೇರಲ್ಲ, ಅದರ ಹೆಸರು ಬಿಡಿಸಿ ಬರೀಬೇಕು.

ಟೋಕನ್ ಒಳಗೆ ಇಣುಕಿ

ಟೋಕನ್ ಇ ವೈ ಜೆ ಅಂತ ಶುರುವಾಗಿ ಮಧ್ಯ ಎರಡು ಚುಕ್ಕಿ ಇದ್ರೆ ಅದು ಜೆಡಬ್ಲ್ಯೂಟಿ, ಅಂದ್ರೆ ಒಳಗೆ ಮಾಹಿತಿ ಇಟ್ಟು ಸಹಿ ಹಾಕಿದ ಟೋಕನ್. ನಡುವಿನ ತುಂಡನ್ನ ಬೇಸ್64 ಡಿಕೋಡ್ ಮಾಡಿದ್ರೆ ಜೇಸನ್ ಸಿಗತ್ತೆ, ಅದಕ್ಕೆ ಯಾವ ಕೀನೂ ಬೇಡ. ನಿಮ್ಮ ಮೆಷಿನ್‌ನಲ್ಲೇ ಮಾಡಿ, ಪ್ರೊಡಕ್ಷನ್ ಟೋಕನ್ ತಗೊಂಡು ಯಾವುದೋ ವೆಬ್‌ಸೈಟ್‌ಗೆ ಪೇಸ್ಟ್ ಮಾಡೋ ಅಭ್ಯಾಸ ಒಳ್ಳೇದಲ್ಲ.

ಮೊದಲು ಇಎಕ್ಸ್‌ಪಿ, ಅಂದ್ರೆ ಅವಧಿ ಮುಗಿಯೋ ಸಮಯ, ನೋಡಿ. ಅದು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡು, ಈಗಿನ ಕಾಲಕ್ಕೆ 10 ಅಂಕಿ ಇರಬೇಕು. 13 ಅಂಕಿ ಇದ್ರೆ ಟೋಕನ್ ಮಾಡಿದವರು ಮಿಲಿಸೆಕೆಂಡ್ ಹಾಕಿದಾರೆ, ಆ ಟೋಕನ್ ಸಾವಿರಾರು ವರ್ಷ ಸಾಯಲ್ಲ, ಕೆಲವು ಲೈಬ್ರರಿ ಅಷ್ಟು ದೊಡ್ಡ ತಾರೀಕು ನೋಡಿ ಎರರ್ ಕೊಟ್ರೂ ಕೊಡಬಹುದು. ಐಎಟಿ (ಟೋಕನ್ ಕೊಟ್ಟ ಸಮಯ) ಅಥವಾ ಎನ್‌ಬಿಎಫ್ (ಟೋಕನ್ ಯಾವಾಗಿಂದ ನಡೆಯತ್ತೆ ಅನ್ನೋದು) ಈಗಿನ ಸಮಯಕ್ಕಿಂತ ಮುಂದಿದ್ರೆ ಎರಡು ಮೆಷಿನ್‌ಗಳ ಗಡಿಯಾರ ಹೊಂದ್ತಿಲ್ಲ, ಗಡಿಯಾರ ಸರಿ ಮಾಡೋ ಎನ್‌ಟಿಪಿ ಓಡ್ತಿದ್ಯಾ ನೋಡಿ. ಸಸ್ಪೆಂಡ್ ಆಗಿ ಎದ್ದ ವರ್ಚುವಲ್ ಮೆಷಿನ್‌ನಲ್ಲಿ ಇದು ಮಾಮೂಲು. ಈಗ ಬರತ್ತೆ, ಸ್ವಲ್ಪ ಹೊತ್ತಾದ್ಮೇಲೆ ಸರಿಹೋಗತ್ತೆ, ಮತ್ತೆ ಬರತ್ತೆ ಅನ್ನೋ ತರದ 401ಗೆ ಗಡಿಯಾರವೇ ನನ್ನ ಮೊದಲ ಅನುಮಾನ. ಸಿಗ್ನೇಚರ್ ಹಾಕಿ ಕಳಿಸೋ ಎಪಿಐಗಳಲ್ಲೂ ಹೀಗೇ, ಅಮೆಜಾನ್ ಎಸ್3 15 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ರೆ ರಿಕ್ವೆಸ್ಟ್ ಟೈಮ್ ಟೂ ಸ್ಕ್ಯೂಡ್ ಅಂತ ನೇರವಾಗೇ ಹೇಳತ್ತೆ, ಅಷ್ಟು ಬಿಡಿಸಿ ಹೇಳೋರು ಕಮ್ಮಿ.

ಆಮೇಲೆ ಎಯುಡಿ ಮತ್ತೆ ಐಎಸ್‌ಎಸ್. ಟೋಕನ್ ಯಾರಿಗೋಸ್ಕರ, ಯಾರು ಕೊಟ್ಟಿದ್ದು ಅಂತ. ಇವೆರಡೂ ಅಕ್ಷರಕ್ಕೆ ಅಕ್ಷರ ಹೊಂದಬೇಕು, ಕೊನೇಲಿ ಒಂದು ಸ್ಲ್ಯಾಶ್ ಹೆಚ್ಚು ಕಮ್ಮಿ ಆದ್ರೂ ಔಟ್. ಐಡಿ ಟೋಕನ್ ತಗೊಂಡು ಆಕ್ಸೆಸ್ ಟೋಕನ್ ಜಾಗದಲ್ಲಿ ಕಳಿಸೋದು ಇಲ್ಲೇ ಸಿಕ್ಕಿಬೀಳೋದು, ಎರಡೂ ನೋಡೋಕೆ ಒಂದೇ ತರ, ಎಯುಡಿ ಮಾತ್ರ ಬೇರೆ.

ಓಆಥ್‌ನಲ್ಲಿ (ಪಾಸ್‌ವರ್ಡ್ ಹಂಚದೆ ಟೋಕನ್ ಪಡೆಯೋ ವ್ಯವಸ್ಥೆ) ಟೋಕನ್ ಕೇಳೋ ಹಂತದಲ್ಲೇ ಎಡವಿದ್ರೆ ಬಾಡಿಲಿರೋ ಎರರ್ ಪದ ಓದಿ. ಇನ್‌ವ್ಯಾಲಿಡ್ ಕ್ಲೈಂಟ್ ಅಂದ್ರೆ ಕ್ಲೈಂಟ್ ಐಡಿ ಅಥವಾ ಸೀಕ್ರೆಟ್ ತಪ್ಪು, ಇಲ್ಲಾ ಅದನ್ನ ಹೆಡರ್‌ನಲ್ಲಿ ಕೇಳಿದ್ರೆ ನೀವು ಬಾಡಿಲಿ ಕೊಟ್ಟಿದೀರ. ಇನ್‌ವ್ಯಾಲಿಡ್ ಗ್ರಾಂಟ್ ಅಂದ್ರೆ ಕೋಡ್ ಒಂದು ಸಲ ಬಳಸಿ ಆಗಿದೆ, ರೀಡೈರೆಕ್ಟ್ ಯುಆರ್‌ಐ ಹೊಂದ್ತಿಲ್ಲ, ಅಥವಾ ಹೊಸ ಟೋಕನ್ ತರಿಸೋಕೆ ಬಳಸೋ ರಿಫ್ರೆಶ್ ಟೋಕನ್ ಸತ್ತಿದೆ. ಗೂಗಲ್‌ನಲ್ಲಿ ಕನ್ಸೆಂಟ್ ಸ್ಕ್ರೀನ್ ಎಕ್ಸ್‌ಟರ್ನಲ್ ಆಗಿ ಟೆಸ್ಟಿಂಗ್ ಸ್ಥಿತೀಲೇ ಇದ್ರೆ ರಿಫ್ರೆಶ್ ಟೋಕನ್ 7 ದಿನಕ್ಕೇ ಮುಗಿಯತ್ತೆ, ಪ್ರತಿ ವಾರ ಅದೇ ದಿನ ಕೈಕೊಡ್ತಿದೆ ಅನ್ನೋರು ಮೊದಲು ಅದನ್ನ ನೋಡಿ. ರಿಫ್ರೆಶ್ ಮಾಡಿದಾಗೆಲ್ಲ ಹೊಸ ರಿಫ್ರೆಶ್ ಟೋಕನ್ ಕೊಡೋ ಸರ್ವರ್ ಆಗಿದ್ರೆ ಎರಡು ವರ್ಕರ್ ಒಟ್ಟಿಗೆ ರಿಫ್ರೆಶ್‌ಗೆ ಹೋಗದ ಹಾಗೆ ಲಾಕ್ ಹಾಕಿ, ಇಲ್ಲಾಂದ್ರೆ ಹಿಂದೆ ಬಿದ್ದವನು ಹಳೇ ಟೋಕನ್ ತೋರಿಸ್ತಾನೆ, ಸರ್ವರ್ ಕಳ್ಳತನ ಅಂದ್ಕೊಂಡು ಇಬ್ಬರನ್ನೂ ಹೊರಗೆ ಹಾಕಬಹುದು.

ಎಚ್‌ಮ್ಯಾಕ್ (ರಹಸ್ಯ ಕೀ ಬಳಸಿ ಲೆಕ್ಕ ಹಾಕೋ) ಸಿಗ್ನೇಚರ್ ಹೊಂದ್ತಿಲ್ಲ ಅಂದ್ರೆ ಸೈನ್ ಮಾಡಿದ ಬೈಟ್‌ಗಳೇ ಹೋಗಿದ್ಯಾ ನೋಡಿ. ಜೇಸನ್ ಸೈನ್ ಮಾಡಿ ಆಮೇಲೆ ಲೈಬ್ರರಿ ಕೈಗೆ ಆಬ್ಜೆಕ್ಟ್ ಕೊಟ್ರೆ ಅದು ಮತ್ತೆ ತನ್ನದೇ ರೀತೀಲಿ ಜೇಸನ್ ಮಾಡತ್ತೆ, ಕೋಲನ್ ಪಕ್ಕ ಒಂದು ಸ್ಪೇಸ್ ಬಂದ್ರೂ ಸಿಗ್ನೇಚರ್ ಬೇರೆ. ಒಂದೇ ಸಲ ಸ್ಟ್ರಿಂಗ್ ಮಾಡಿ, ಅದನ್ನೇ ಸೈನ್ ಮಾಡಿ, ಅದನ್ನೇ ಕಳಿಸಿ.

ಇಷ್ಟಾದ್ರೂ ಬಗೆಹರಿಯದೆ ಎಪಿಐ ಕಡೆಯವರಿಗೆ ಬರೀಬೇಕಾಗಿ ಬಂದ್ರೆ ಬರೀ 401 ಬರ್ತಿದೆ ಅಂತ ಬರೀಬೇಡಿ, ವಾಪಸ್ ಬರೋ ಮೊದಲ ಪ್ರಶ್ನೆನೇ ಕೀ ಸರಿ ಇದ್ಯಾ ಅಂತ ಇರತ್ತೆ. ರೆಸ್ಪಾನ್ಸ್ ಹೆಡರ್‌ನಲ್ಲಿ ರಿಕ್ವೆಸ್ಟ್ ಐಡಿ ಇದ್ರೆ ಅದು, ಯುಟಿಸಿಯಲ್ಲಿ ಸೆಕೆಂಡ್‌ವರೆಗಿನ ಸಮಯ, ಮೆಥಡ್ ಮತ್ತೆ ಪೂರ್ತಿ ಪಾತ್, ನಿಮ್ಮ ಹೊರಗಿನ ಐಪಿ, ಮೂರು ರಿಕ್ವೆಸ್ಟ್‌ಗೆ ಬಂದ ಮೂರು ಉತ್ತರ, ಇಷ್ಟು ಒಂದೇ ಮೇಲ್‌ನಲ್ಲಿ ಹಾಕಿ. ಕೀಯ ಕೊನೇ ನಾಲ್ಕು ಅಕ್ಷರ ಮಾತ್ರ ಕೊಡಿ. ಮೈನಸ್ ವಿ ಔಟ್‌ಪುಟ್ ಅಟ್ಯಾಚ್ ಮಾಡೋದಾದ್ರೆ ಅದ್ರಲ್ಲಿ ಆಥರೈಸೇಶನ್ ಸಾಲು ಪೂರ್ತಿ ಇರತ್ತೆ, ಬೇಸಿಕ್ ಆಗಿದ್ರೆ ಬೇಸ್64 ಬಿಡಿಸೋದು ಯಾರಿಗೂ ಕಷ್ಟ ಅಲ್ಲ, ಅಳಿಸಿ ಕಳಿಸಿ.